ಬಡ್ಡಿ, ವಲಸೆ, ಮುಪ್ಪು: ಜಪಾನಿನ ಅನುಭವ

ವಲಸೆಯ ಬಗ್ಗೆ ನೀವು ಭೂಗೋಳದ ಪಾಠದಲ್ಲಿ ಓದಿರುತ್ತೀರಿ. ಜನಸಂಖ್ಯೆಯಲ್ಲಿ ವೃದ್ಧರ ಪ್ರಮಾಣ ಏರುವ ವಿಚಾರ ಸಮಾಜಶಾಸ್ತ್ರದ ಪುಸ್ತಕದಲ್ಲಿ ಬರುತ್ತದೆ. ಕೇಂದ್ರ ಬ್ಯಾಂಕು, ಬಡ್ಡಿಯ ದರ, ಹಣದುಬ್ಬರ ಇವೆಲ್ಲ ಅರ್ಥಶಾಸ್ತ್ರದ ಪತ್ರಿಕೆಗೆ ಸೇರಿದವು. ಪರೀಕ್ಷೆಯ ಅನುಕೂಲಕ್ಕಾಗಿ ಹೀಗೆ ಬೇರೆ ಬೇರೆ ಇಟ್ಟಿರುವ ಈ ಮೂರು ವಿಷಯಗಳು ಜನರ ಬದುಕಿನಲ್ಲಿ ಒಂದೇ ಮನೆಯೊಳಗೆ ಇರುತ್ತವೆ. ದುಡಿಯಲು ಊರು ಬಿಟ್ಟು ಹೋದ ಮಗ, ಊರಿನಲ್ಲೇ ಉಳಿದ ವಯಸ್ಸಾದ ತಂದೆತಾಯಿ, ಅವರು ಅಂಚೆ ಕಚೇರಿಯಲ್ಲಿಟ್ಟ ಠೇವಣಿಗೆ ಬರುವ ಬಡ್ಡಿ: ಇವುಗಳಲ್ಲಿ ಒಂದು ಬದಲಾದರೆ ಉಳಿದೆರಡಕ್ಕೂ ಅದರ ಬಿಸಿ ತಟ್ಟುತ್ತದೆ.

ಒಂದು ಇಡೀ ದೇಶದ ಮಟ್ಟದಲ್ಲಿ ಈ ಸಂಬಂಧವನ್ನು ನೋಡಬೇಕೆಂದರೆ ಜಪಾನಿನ ಇತಿಹಾಸವನ್ನು ತೆರೆಯಬೇಕು. ತನ್ನ ಜನರನ್ನು ಹೊರದೇಶಗಳಿಗೆ ಕಳುಹಿಸಿದ್ದು, ಹೊರಗಿನವರನ್ನು ಬಹುಕಾಲ ಬಾಗಿಲಲ್ಲೇ ನಿಲ್ಲಿಸಿದ್ದು, ಬಹಳ ಬೇಗ ಮುಪ್ಪಾದದ್ದು, ಬಡ್ಡಿಯನ್ನು ಸೊನ್ನೆಗೂ ಅದಕ್ಕಿಂತ ಕೆಳಕ್ಕೂ ಇಳಿಸಿದ್ದು, ಈ ಎಲ್ಲ ಘಟ್ಟಗಳನ್ನೂ ಆ ದೇಶ ಸುಮಾರು 140 ವರ್ಷಗಳಲ್ಲಿ ದಾಟಿದೆ. ಬನ್ನಿ, ಮೊದಲಿನಿಂದ ನೋಡೋಣ.

ಬ್ಯಾಂಕು ಬಂತು, ರೈತ ಹಡಗು ಹತ್ತಿದ

1868ರಲ್ಲಿ ಮೇಜಿ ಸರಕಾರ ಅಧಿಕಾರಕ್ಕೆ ಬಂದಾಗ ಜಪಾನ್ ಬಡ ಕೃಷಿ ದೇಶ. 1873ರಲ್ಲಿ ಭೂಕಂದಾಯವನ್ನು ಧಾನ್ಯದ ಬದಲು ನಗದಿನಲ್ಲಿ ಕಟ್ಟಬೇಕೆಂಬ ನಿಯಮ ಜಾರಿಗೆ ಬಂತು. 1877ರ ಸತ್ಸುಮಾ ದಂಗೆಯನ್ನು ಅಡಗಿಸಲು ಸರಕಾರ ಕಾಗದದ ನೋಟುಗಳನ್ನು ಧಾರಾಳವಾಗಿ ಅಚ್ಚು ಹಾಕಿತು. ಬೆಲೆಗಳು ಏರಿದವು. ಅಕ್ಕಿ ಮಾರುವ ರೈತನಿಗೆ ಇದು ಸುಗ್ಗಿಯ ಕಾಲ.

1881ರಲ್ಲಿ ಹಣಕಾಸು ಮಂತ್ರಿಯಾದ ಮತ್ಸುಕಾತ ಮಸಯೋಶಿ ಈ ನೋಟುಗಳನ್ನು ಹಿಂದಕ್ಕೆ ಎಳೆಯತೊಡಗಿದನು. 1882ರಲ್ಲಿ ದೇಶದ ಕೇಂದ್ರ ಬ್ಯಾಂಕಾದ ಬ್ಯಾಂಕ್ ಆಫ್ ಜಪಾನ್ ಸ್ಥಾಪನೆಯಾಯಿತು. ನಾಣ್ಯವ್ಯವಸ್ಥೆ ಗಟ್ಟಿಯಾಯಿತು, ಆದರೆ ಅಕ್ಕಿಯ ಬೆಲೆ ಕೆಲವೇ ವರ್ಷಗಳಲ್ಲಿ ಸುಮಾರು ಅರ್ಧಕ್ಕೆ ಕುಸಿಯಿತು. ಕಂದಾಯ ಮಾತ್ರ ಮೊದಲಿನಷ್ಟೇ ನಗದು. ಅದನ್ನು ಕಟ್ಟಲು ಹಿಂದೆ ಒಂದು ಮೂಟೆ ಮಾರಿದ್ದವನು ಈಗ ಎರಡು ಮೂಟೆ ಮಾರಬೇಕಾಯಿತು. ಸಾಲ ಮಾಡಿದವರು ಹೊಲ ಕಳೆದುಕೊಂಡರು.

ಅದೇ ಹೊತ್ತಿಗೆ ಹವಾಯಿ ರಾಜ್ಯದ ಕಬ್ಬಿನ ತೋಟಗಳಿಗೆ ಆಳುಗಳು ಬೇಕಾಗಿದ್ದರು. 1885ರ ಫೆಬ್ರವರಿಯಲ್ಲಿ 900ಕ್ಕೂ ಹೆಚ್ಚು ಜಪಾನೀಯರನ್ನು ಹೊತ್ತ ಹಡಗು ಹೊನೊಲುಲು ಬಂದರನ್ನು ಮುಟ್ಟಿತು. ಮುಂದಿನ ಹತ್ತು ವರ್ಷಗಳಲ್ಲಿ ಸರಕಾರಿ ಒಪ್ಪಂದದ ಮೇಲೆ ಹೀಗೆ ಹೋದವರು ಸುಮಾರು 29 ಸಾವಿರ. ಅವರಲ್ಲಿ ಬಹಳ ಮಂದಿ ಹಿರೋಶಿಮಾ, ಯಾಮಗುಚಿ ಪ್ರಾಂತಗಳ ರೈತರು. ನೋಟು ಹಿಂತೆಗೆದುಕೊಂಡದ್ದೊಂದೇ ಅವರ ವಲಸೆಗೆ ಕಾರಣವೆಂದು ಹೇಳಲಾಗದು. ಆದರೆ ರಾಜಧಾನಿಯಲ್ಲಿ ಕೈಗೊಂಡ ಹಣದ ನಿರ್ಧಾರ ಹಳ್ಳಿಯ ರೈತನನ್ನು ಹಡಗುಕಟ್ಟೆಯವರೆಗೆ ತಳ್ಳಬಲ್ಲದು ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಮುಂದೆ ಅಮೆರಿಕ ಬಾಗಿಲು ಮುಚ್ಚತೊಡಗಿತು. 1907-08ರ ಒಪ್ಪಂದದಂತೆ ಜಪಾನೀ ಕೂಲಿಗಳಿಗೆ ಅಲ್ಲಿಗೆ ಹೋಗುವ ದಾರಿ ಕಟ್ಟಾಯಿತು. 1924ರ ಕಾನೂನು ಉಳಿದ ಸಂದುಗಳನ್ನೂ ಮುಚ್ಚಿತು. ಆಗ ಬ್ರೆಜಿಲ್ ತೆರೆದುಕೊಂಡಿತು. ಅಲ್ಲಿ 1888ರಲ್ಲಿ ಗುಲಾಮಗಿರಿ ರದ್ದಾಗಿತ್ತು. ಕಾಫಿ ತೋಟಗಳಿಗೆ ಬರುತ್ತಿದ್ದ ಇಟಲಿಯ ಕೂಲಿಗಳ ಉಚಿತ ಪ್ರಯಾಣವನ್ನು, ತೋಟಗಳ ಕಷ್ಟ ಕಂಡು, ಇಟಲಿಯ ಸರಕಾರವೇ 1902ರಲ್ಲಿ ತಡೆದಿತ್ತು. 1908ರ ಏಪ್ರಿಲಿನಲ್ಲಿ ಕೋಬೆ ಬಂದರಿನಿಂದ 'ಕಸಾತೊ ಮಾರು' ಎಂಬ ಹಡಗು ಹೊರಟಿತು. ಜೂನ್ 18ರಂದು ಅದು ಸಾಂಟೋಸ್ ಬಂದರನ್ನು ತಲುಪಿದಾಗ ಅದರಲ್ಲಿ 781 ವಲಸಿಗರಿದ್ದರು. ಈ ಹಡಗಿನ ಹೆಸರನ್ನು ನೆನಪಿಡಿ. ಈ ವಲಸಿಗರ ಮೊಮ್ಮಕ್ಕಳ ಪೀಳಿಗೆ ನಮ್ಮ ಕಥೆಯಲ್ಲಿ ಮತ್ತೆ ಬರಲಿದೆ.

1930ರ ಜನವರಿಯಲ್ಲಿ, ಪ್ರಪಂಚವೆಲ್ಲ ಮುಗ್ಗಟ್ಟಿಗೆ ಸಿಲುಕಿದ್ದಾಗ, ಜಪಾನ್ ಚಿನ್ನದ ಪ್ರಮಾಣಕ್ಕೆ ಮರಳಿತು. ರೇಷ್ಮೆಯ ಬೆಲೆ ಕುಸಿದು ಹಳ್ಳಿಗಳು ಮತ್ತೆ ಕಂಗೆಟ್ಟವು. 1931ರ ಡಿಸೆಂಬರಿನಲ್ಲಿ ಚಿನ್ನದ ಕೊಂಡಿಯನ್ನು ಕಳಚಿ, ಬಡ್ಡಿ ಇಳಿಸಿ, ಸರಕಾರದ ಖರ್ಚು ಹೆಚ್ಚಿಸಿದವನು ಹಣಕಾಸು ಮಂತ್ರಿ ತಕಹಾಶಿ ಕೊರೆಕಿಯೊ. ಈತನ ಬಾಲ್ಯದ ಒಂದು ಸಂಗತಿ ಗಮನಾರ್ಹ. ಓದಲೆಂದು ಹುಡುಗನಾಗಿದ್ದಾಗ ಅಮೆರಿಕಕ್ಕೆ ಹೋಗಿ, ತಿಳಿಯದೆ ಸಹಿ ಹಾಕಿದ ಕರಾರಿನಿಂದ ಓಕ್ಲೆಂಡಿನಲ್ಲಿ ಜೀತದಾಳಿನಂತೆ ದುಡಿದವನು ಈತ! ಮುಂದೆ ಕೇಂದ್ರ ಬ್ಯಾಂಕಿನ ಗವರ್ನರ್ ಆಗಿ, ಪ್ರಧಾನಿಯೂ ಆಗಿದ್ದನು. ಸೈನ್ಯದ ವೆಚ್ಚಕ್ಕೆ ಕಡಿವಾಣ ಹಾಕಹೊರಟಾಗ, 1936ರ ಫೆಬ್ರವರಿ 26ರಂದು, ದಂಗೆಯೆದ್ದ ಸೈನಿಕರು ಅವನನ್ನು ಕೊಂದರು. ಅದೇ ವರ್ಷ ಮಂಚೂರಿಯಕ್ಕೆ 20 ವರ್ಷಗಳಲ್ಲಿ ಹತ್ತು ಲಕ್ಷ ರೈತ ಕುಟುಂಬಗಳನ್ನು ಕಳುಹಿಸುವ ಯೋಜನೆ ಹೊರಟಿತು. ಹೋದವರು ಸುಮಾರು 2 ಲಕ್ಷ 70 ಸಾವಿರ ಜನ. 1945ರಲ್ಲಿ ಸಾಮ್ರಾಜ್ಯ ಕುಸಿದಾಗ ಸೈನಿಕರೂ ನಾಗರಿಕರೂ ಸೇರಿ 60 ಲಕ್ಷಕ್ಕೂ ಹೆಚ್ಚು ಮಂದಿ ಬರಿಗೈಯಲ್ಲಿ ಜಪಾನಿಗೆ ಹಿಂದಿರುಗಿದರು.

ತೊಟ್ಟಿಲುಗಳು ತುಂಬಿದ ಮೂರು ವರ್ಷ

ಯುದ್ಧ ಮುಗಿದು ಜನ ಮನೆ ಸೇರಿದ ಮೇಲೆ ಮಕ್ಕಳು ಹುಟ್ಟಿದರು. 1947ರಿಂದ 1949ರವರೆಗೆ ವರ್ಷಕ್ಕೆ 26 ಲಕ್ಷಕ್ಕೂ ಹೆಚ್ಚು ಶಿಶುಗಳು. ಮೂರೇ ವರ್ಷಗಳಲ್ಲಿ ಸುಮಾರು 80 ಲಕ್ಷ! ಹಸಿವಿನಿಂದ ನರಳುತ್ತಿದ್ದ ದೇಶಕ್ಕೆ ಗಾಬರಿಯಾಯಿತು. 1948ರ ಕಾನೂನು ಗರ್ಭಪಾತಕ್ಕೆ ಅವಕಾಶ ನೀಡಿತು. ಕುಟುಂಬ ಯೋಜನೆ ಹಬ್ಬಿತು. 1947ರಲ್ಲಿ ಒಬ್ಬ ಮಹಿಳೆಗೆ ಸರಾಸರಿ 4.5 ಮಕ್ಕಳಿದ್ದದ್ದು 1957ರ ಹೊತ್ತಿಗೆ ಸುಮಾರು 2ಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ಅರ್ಧಕ್ಕಿಂತ ಕಡಿಮೆ.

ಇದರ ಫಲವನ್ನು ಸ್ವಲ್ಪ ಲೆಕ್ಕ ಹಾಕಿ ನೋಡಿ. ಹಿಂದೆ ಹುಟ್ಟಿದ ದೊಡ್ಡ ಪೀಳಿಗೆ ದುಡಿಯುವ ವಯಸ್ಸಿಗೆ ಬರುತ್ತದೆ. ಅದರ ಬೆನ್ನಿಗೆ ಸಾಕಬೇಕಾದ ಮಕ್ಕಳು ಕಡಿಮೆ; ವೃದ್ಧರು ಇನ್ನೂ ಹೆಚ್ಚಿಲ್ಲ. ದುಡಿಯುವ ಕೈ ಹೆಚ್ಚು, ತಿನ್ನುವ ಬಾಯಿ ಕಡಿಮೆ. 1954ರಿಂದ ಈಶಾನ್ಯದ ಅವೊಮೊರಿಯಿಂದ ಟೋಕಿಯೊದ ಉಎನೊ ನಿಲ್ದಾಣಕ್ಕೆ ವಿಶೇಷ ರೈಲುಗಳು ಓಡಿದವು. ಹೈಸ್ಕೂಲಿನ ಮೆಟ್ಟಿಲನ್ನೂ ಹತ್ತದ ಹುಡುಗ ಹುಡುಗಿಯರು ಗುಂಪುಗುಂಪಾಗಿ ಕಾರ್ಖಾನೆಗಳಿಗೆ ಬಂದರು. ಅಂಥವರನ್ನು ಮಾಲೀಕರು 'ಚಿನ್ನದ ಮೊಟ್ಟೆಗಳು' ಎಂದು ಕರೆದರು. ಜಪಾನಿನ ಆರ್ಥಿಕ ಪವಾಡಕ್ಕೆ ಬೇಕಾದ ವಲಸಿಗರು ಅದರ ಸ್ವಂತ ಹಳ್ಳಿಗಳಿಂದಲೇ ಬಂದರು.

ಇದೇ ಕಾಲದ ಪಶ್ಚಿಮ ಜರ್ಮನಿಯ ಕಥೆ ಬೇರೆ. ಅದು 1955ರಲ್ಲಿ ಇಟಲಿಯೊಡನೆ, 1960ರಲ್ಲಿ ಸ್ಪೇನ್ ಮತ್ತು ಗ್ರೀಸಿನೊಡನೆ, ಬರ್ಲಿನ್ ಗೋಡೆ ಎದ್ದು ಪೂರ್ವದಿಂದ ಬರುವವರು ನಿಂತುಹೋದ 1961ರಲ್ಲಿ ಟರ್ಕಿಯೊಡನೆ ಒಪ್ಪಂದ ಮಾಡಿಕೊಂಡು ಕೆಲಸಗಾರರನ್ನು ಕರೆಸಿತು. ಅವರಿಗೆ ಕೊಟ್ಟ ಹೆಸರು 'ಅತಿಥಿ ಕೆಲಸಗಾರರು'. 1973ರಲ್ಲಿ ನೇಮಕ ನಿಲ್ಲಿಸಿದಾಗ ಅತಿಥಿಗಳು ಮನೆಗೆ ಹೋಗುತ್ತಾರೆಂದು ಸರಕಾರ ಎಣಿಸಿತ್ತು. ಬಹಳ ಮಂದಿ ಉಳಿದರು, ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ಅವರಿಂದ ಜರ್ಮನಿಯ ಮುಪ್ಪು ಕೆಲಕಾಲ ಮುಂದಕ್ಕೆ ಹೋಯಿತು. ತಪ್ಪಲಿಲ್ಲ, ಏಕೆಂದರೆ ವಲಸಿಗನಿಗೂ ವಯಸ್ಸಾಗುತ್ತದೆ. ಅವನ ಮಕ್ಕಳೂ ಆ ದೇಶದ ಇತರರಂತೆ ಸಣ್ಣ ಸಂಸಾರವನ್ನೇ ಕಟ್ಟಿಕೊಳ್ಳುತ್ತಾರೆ.

ವಯಸ್ಸಿಗೂ ಬಡ್ಡಿಗೂ ಏನು ನಂಟು?

ಕಥೆಯನ್ನು ಮುಂದುವರಿಸುವ ಮೊದಲು ಒಂದು ತತ್ವವನ್ನು ತಿಳಿಯೋಣ. ಬಡ್ಡಿ ಎಂಬುದು ಹಣದ ಬಾಡಿಗೆ. ಉಳಿಸುವವರು ಹೆಚ್ಚಿ, ಸಾಲ ಕೇಳುವವರು ಕಡಿಮೆಯಾದರೆ ಬಾಡಿಗೆ ಇಳಿಯುತ್ತದೆ. ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಕ್ನುಟ್ ವಿಕ್ಸೆಲ್ 1898ರಲ್ಲಿ 'ಸಹಜ ಬಡ್ಡಿ ದರ' ಎಂಬ ಕಲ್ಪನೆಯನ್ನು ಮುಂದಿಟ್ಟನು. ಬೆಲೆಗಳು ಏರದೆ ಇಳಿಯದೆ ಸಮನಾಗಿರುವಂಥ ಬಡ್ಡಿ ಅದು. ಕೇಂದ್ರ ಬ್ಯಾಂಕು ತನ್ನ ದರವನ್ನು ಅದಕ್ಕಿಂತ ಮೇಲಿಟ್ಟರೆ ವ್ಯವಹಾರ ಕುಗ್ಗುತ್ತದೆ, ಕೆಳಗಿಟ್ಟರೆ ಬೆಲೆ ಏರುತ್ತದೆ. ಆದರೆ ಆ ಸಹಜ ದರವನ್ನು ಬ್ಯಾಂಕು ನಿರ್ಧರಿಸುವುದಿಲ್ಲ. ಅದನ್ನು ನಿರ್ಧರಿಸುವ ಕಾರಣಗಳಲ್ಲಿ ಜನಸಂಖ್ಯೆಯೂ ಒಂದು.

ಮನುಷ್ಯ ಯೌವನದಲ್ಲಿ ಸಾಲ ಮಾಡುತ್ತಾನೆ, ನಡುವಯಸ್ಸಿನಲ್ಲಿ ಉಳಿಸುತ್ತಾನೆ, ಮುಪ್ಪಿನಲ್ಲಿ ಉಳಿಸಿದ್ದನ್ನು ಖರ್ಚು ಮಾಡುತ್ತಾನೆ. 1985ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಫ್ರಾಂಕೊ ಮೊದಿಲಿಯಾನಿಯ ಸಿದ್ಧಾಂತದ ತಿರುಳು ಇದು. ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ನಮ್ಮ ಗಾದೆ ಗೊತ್ತಿರುವವನು ನಿವೃತ್ತಿಗೆ ಮೊದಲು ಇನ್ನಷ್ಟು ಉಳಿಸುತ್ತಾನೆ. ಹೆಚ್ಚು ವರ್ಷ ಬದುಕುವ ನಿರೀಕ್ಷೆಯಿದ್ದರೆ ಉಳಿತಾಯ ಮತ್ತೂ ಹೆಚ್ಚು. ಜಪಾನಿನಲ್ಲಿ 1970ರ ದಶಕದ ಮಧ್ಯದಲ್ಲಿ ಕುಟುಂಬಗಳು ತಮ್ಮ ಆದಾಯದ ಶೇ. 20ಕ್ಕೂ ಹೆಚ್ಚನ್ನು ಉಳಿಸುತ್ತಿದ್ದವು.

ಇನ್ನು ಸಾಲದ ಕಡೆ ನೋಡಿ. ಹೊಸ ಸಂಸಾರಗಳು ಹೆಚ್ಚಿದರೆ ಹೊಸ ಮನೆಗಳು ಬೇಕು, ಶಾಲೆಗಳು ಬೇಕು. ಅದಕ್ಕೆ ಸಾಲ ಬೇಕು. ದುಡಿಯುವವರ ಸಂಖ್ಯೆ ಕುಗ್ಗಿದರೆ ಕಾರ್ಖಾನೆ ವಿಸ್ತರಿಸಲು ಮಾಲೀಕ ಹಿಂಜರಿಯುತ್ತಾನೆ. ಇದನ್ನು ಮೊದಲೇ ಹೇಳಿದವನು ಅಮೆರಿಕದ ಆಲ್ವಿನ್ ಹ್ಯಾನ್ಸೆನ್. ಜನನ ಪ್ರಮಾಣ ಇಳಿದು, ವಲಸೆಯೂ ಕಟ್ಟಾಗಿದ್ದ 1938ರಲ್ಲಿ ಆತ, ಜನಸಂಖ್ಯೆಯ ಬೆಳವಣಿಗೆ ನಿಂತರೆ ಆರ್ಥಿಕತೆಯೂ ಜಡವಾಗಬಹುದೆಂದು ಎಚ್ಚರಿಸಿದನು. ಅಮೆರಿಕದಲ್ಲಿ ಯುದ್ಧಾನಂತರ ಮಕ್ಕಳ ಸುಗ್ಗಿಯಾಗಿ ಅವನ ಮಾತು ಆಗ ಸುಳ್ಳಾಯಿತು. ಅರ್ಧ ಶತಮಾನದ ಅನಂತರ ಜಪಾನಿನಲ್ಲಿ ಆ ಮಾತಿಗೆ ಜೀವ ಬಂತು.

ವಲಸೆ ಇಲ್ಲಿ ಎರಡೂ ಕಡೆ ಕೈಯಾಡಿಸುತ್ತದೆ. ವಲಸಿಗರು ಸಾಮಾನ್ಯವಾಗಿ ಯುವಕರು. ಅವರು ಬಂದ ದೇಶದಲ್ಲಿ ದುಡಿಯುವ ಕೈ, ಮನೆಗೆ ಬೇಡಿಕೆ, ತೆರಿಗೆ ಎಲ್ಲವೂ ಹೆಚ್ಚುತ್ತವೆ. ಅವರು ಬಿಟ್ಟುಬಂದ ಊರಿಗೆ ಅಷ್ಟೇ ಬೇಗ ವಯಸ್ಸಾಗುತ್ತದೆ.

ಮೊಮ್ಮಕ್ಕಳಿಗೆ ಕರೆ

1985ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಐದು ದೇಶಗಳು ಡಾಲರಿನ ಬೆಲೆ ಇಳಿಸಲು ಒಪ್ಪಿದವು. ಜಪಾನಿನ ಯೆನ್ ದಿಢೀರನೆ ದುಬಾರಿಯಾಯಿತು. ರಫ್ತಿಗೆ ಬೀಳುವ ಪೆಟ್ಟನ್ನು ತಪ್ಪಿಸಲು ಬ್ಯಾಂಕ್ ಆಫ್ ಜಪಾನ್ 1987ರ ಫೆಬ್ರವರಿಯಲ್ಲಿ ತನ್ನ ದರವನ್ನು ಶೇ. 2.5ಕ್ಕೆ ಇಳಿಸಿತು. ಅಗ್ಗದ ಸಾಲದಿಂದ ಜಮೀನು ಮತ್ತು ಷೇರುಗಳ ಬೆಲೆ ಆಕಾಶಕ್ಕೇರಿತು. ಕಾರ್ಖಾನೆಗಳು ಆಳುಗಳಿಲ್ಲದೆ ಪರದಾಡಿದವು. ಹಳ್ಳಿಗಳ 'ಚಿನ್ನದ ಮೊಟ್ಟೆಗಳು' ಮುಗಿದುಹೋಗಿದ್ದವು.

ಅದೇ ಸಮಯದಲ್ಲಿ ಬ್ರೆಜಿಲಿನಲ್ಲಿ ಹಣದುಬ್ಬರ ಹುಚ್ಚೆದ್ದು ಕುಣಿಯುತ್ತಿತ್ತು. 1989ರ ಒಂದೇ ವರ್ಷದಲ್ಲಿ ಬೆಲೆಗಳು ಹತ್ತು ಪಟ್ಟಿಗೂ ಮೀರಿ ಏರಿದವು. 1990ರ ಮಾರ್ಚಿನಲ್ಲಿ ಅಲ್ಲಿನ ಹೊಸ ಸರಕಾರ ಜನರ ಬ್ಯಾಂಕ್ ಠೇವಣಿಗಳನ್ನೇ ತಡೆಹಿಡಿಯಿತು. ಇತ್ತ 1990ರ ಜೂನಿನಲ್ಲಿ ಜಪಾನ್ ತನ್ನ ವಲಸೆ ಕಾನೂನನ್ನು ತಿದ್ದಿ, ಹಿಂದೆ ಹೊರಗೆ ಹೋದ ಜಪಾನೀಯರ ಮಕ್ಕಳು, ಮೊಮ್ಮಕ್ಕಳು ಬಂದು ನೆಲೆಸಿ ಯಾವ ಕೆಲಸವನ್ನಾದರೂ ಮಾಡಬಹುದೆಂದು ಬಾಗಿಲು ತೆರೆಯಿತು. ಕಸಾತೊ ಮಾರು ಮತ್ತು ಅದರ ಹಿಂದೆ ಹೋದ ಹಡಗುಗಳ ಮೊಮ್ಮಕ್ಕಳು ಈಗ ವಿಮಾನದಲ್ಲಿ ಬಂದರು. ಒಂದು ದೇಶದ ಹಣ ಕರಗುತ್ತಿತ್ತು, ಇನ್ನೊಂದರ ಹಣ ಗಟ್ಟಿಯಾಗಿತ್ತು. ಆಗಿನ ಯೆನ್ ಸಂಬಳ ಸಾವೊ ಪಾವ್ಲೊದಲ್ಲಿ ಎಷ್ಟು ಬೆಲೆ ಬಾಳುತ್ತಿತ್ತೆಂಬುದನ್ನು ನೀವೇ ಊಹಿಸಬಹುದು. 2007ರ ಹೊತ್ತಿಗೆ ಜಪಾನಿನಲ್ಲಿದ್ದ ಬ್ರೆಜಿಲಿಯನ್ನರು 3 ಲಕ್ಷ ಮೀರಿದ್ದರು. ಹಮಮಾತ್ಸು, ತೊಯೊತಾ, ಓಇಜುಮಿ ಊರುಗಳ ಮೋಟಾರು ಬಿಡಿಭಾಗಗಳ ಕಾರ್ಖಾನೆಗಳಲ್ಲಿ ಅವರು ದುಡಿದರು. ಮುಖ ಜಪಾನಿನದು, ಮಾತು ಪೋರ್ಚುಗೀಸ್. ಎರಡು ನಾಡುಗಳ ನಡುವೆ ಅವರ ಮಕ್ಕಳ ಶಾಲೆ ಅನೇಕ ಕಡೆ ಅರ್ಧಕ್ಕೆ ನಿಂತಿತು.

ಈ ನಡುವೆ ಗುಳ್ಳೆ ಒಡೆದಿತ್ತು. 1989ರ ಡಿಸೆಂಬರ್ 29ರಂದು 38,900 ದಾಟಿದ್ದ ಷೇರು ಸೂಚ್ಯಂಕ ನೆಲಕಚ್ಚಿತು. ಗುಳ್ಳೆಯನ್ನು ತಡೆಯಲು 1990ರ ಆಗಸ್ಟಿನಲ್ಲಿ ಶೇ. 6ಕ್ಕೆ ಏರಿಸಿದ್ದ ದರವನ್ನು ಬ್ಯಾಂಕು ಮತ್ತೆ ಇಳಿಸುತ್ತ ಬಂದು 1995ರ ಸೆಪ್ಟೆಂಬರಿನಲ್ಲಿ ಶೇ. 0.5ಕ್ಕೆ ತಂದಿತು. 1999ರ ಫೆಬ್ರವರಿಯಲ್ಲಿ ಅಲ್ಪಾವಧಿ ಬಡ್ಡಿ ಸೊನ್ನೆಯಾಯಿತು.

ಈ ತಾರೀಖುಗಳ ಪಕ್ಕದಲ್ಲಿ ಜನಸಂಖ್ಯೆಯ ತಾರೀಖುಗಳನ್ನು ಇಡಿ. 65 ದಾಟಿದವರು 1970ರಲ್ಲಿ ಶೇ. 7, 1994ರಲ್ಲಿ ಶೇ. 14. ಫ್ರಾನ್ಸ್ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ನಡೆದ ದಾರಿಯನ್ನು ಜಪಾನ್ 24 ವರ್ಷಗಳಲ್ಲಿ ಓಡಿಬಿಟ್ಟಿತು. 15ರಿಂದ 64 ವಯಸ್ಸಿನ ದುಡಿಯುವ ಜನರ ಸಂಖ್ಯೆ 1995ರಲ್ಲಿ ಸುಮಾರು 8 ಕೋಟಿ 70 ಲಕ್ಷ ಮುಟ್ಟಿ ಇಳಿಯತೊಡಗಿತು. ಬಡ್ಡಿ ಶೇ. 0.5ಕ್ಕೆ ಇಳಿದದ್ದೂ ಅದೇ ವರ್ಷ. ಎರಡೂ ಒಟ್ಟಿಗೆ ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ; ಗುಳ್ಳೆ ಒಡೆದು ಬ್ಯಾಂಕುಗಳಲ್ಲಿ ಉಳಿದ ವಸೂಲಾಗದ ಸಾಲಗಳೂ ದೊಡ್ಡ ಕಾರಣವೇ. ಆದರೆ ಆ ಗಾಯ ಮಾಗಿದ ಮೇಲೂ ಬಡ್ಡಿ ಏಕೆ ಮೇಲೇಳಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಹುಡುಕುವಾಗ ಜನಸಂಖ್ಯೆಯನ್ನು ಬಿಡಲಾಗದು.

ಟಿಕೆಟ್ಟಿನ ಹಣ ಕೊಟ್ಟು ಬೀಳ್ಕೊಟ್ಟದ್ದು

2008ರ ಜಾಗತಿಕ ಹಣಕಾಸು ಮುಗ್ಗಟ್ಟಿನಲ್ಲಿ ಮೋಟಾರು ರಫ್ತು ಕುಸಿಯಿತು. ಮೊದಲು ಕೆಲಸ ಕಳೆದುಕೊಂಡವರಲ್ಲಿ ಗುತ್ತಿಗೆಯ ಮೇಲಿದ್ದ ಬ್ರೆಜಿಲಿಯನ್ನರು ಸೇರಿದ್ದರು. 2009ರಲ್ಲಿ ಸರಕಾರ ಒಂದು ಯೋಜನೆ ತಂದಿತು. ಊರಿಗೆ ಮರಳುವ ಕೆಲಸಗಾರನಿಗೆ 3 ಲಕ್ಷ ಯೆನ್, ಅವನ ಅವಲಂಬಿತರಿಗೆ ತಲಾ 2 ಲಕ್ಷ ಯೆನ್. ಹಣ ಪಡೆದವರು ಅದೇ ಪರವಾನಗಿಯ ಮೇಲೆ ಸದ್ಯಕ್ಕೆ ಮರಳಿ ಬರುವಂತಿಲ್ಲ ಎಂಬುದು ಷರತ್ತು. ಸುಮಾರು 20 ಸಾವಿರ ಮಂದಿ ಈ ಹಣ ಪಡೆದು ಹೋದರು.

ಜಪಾನಿನ ಒಟ್ಟು ಜನಸಂಖ್ಯೆ ತನ್ನ ಶಿಖರವನ್ನು, ಅಂದರೆ ಸುಮಾರು 12 ಕೋಟಿ 80 ಲಕ್ಷವನ್ನು, ಮುಟ್ಟಿದ್ದು 2008ರಲ್ಲಿ. ಅಂದರೆ ದೇಶದ ಜನ ಕಡಿಮೆಯಾಗಲು ಆರಂಭಿಸಿದ ಸಮಯದಲ್ಲೇ, ಅಲ್ಲಿ ಹತ್ತಾರು ವರ್ಷ ದುಡಿದ ಯುವ ಕುಟುಂಬಗಳನ್ನು ಹಣ ಕೊಟ್ಟು ಕಳುಹಿಸಲಾಯಿತು. ನಿರುದ್ಯೋಗದ ಲೆಕ್ಕ ನೋಡಿದವರಿಗೆ ಅದು ಆ ವರ್ಷದ ಮಟ್ಟಿಗೆ ಸರಿಯೆನಿಸಿತು. ಮೂವತ್ತು ವರ್ಷದ ಲೆಕ್ಕ ನೋಡುವವರಿಗೆ ಹಾಗೆ ಕಾಣುವುದಿಲ್ಲ.

ಹಣದ ರೋಗವೇ, ಜನದ ರೋಗವೇ?

ಈಗ ಒಂದು ದೊಡ್ಡ ಚರ್ಚೆ ಎದ್ದಿತು. 2008ರಿಂದ 2013ರವರೆಗೆ ಬ್ಯಾಂಕ್ ಆಫ್ ಜಪಾನಿನ ಗವರ್ನರ್ ಆಗಿದ್ದ ಮಸಾಕಿ ಶಿರಕಾವ ಅವರು ಜನಸಂಖ್ಯೆಯ ಕಡೆ ಬೆರಳು ತೋರಿಸಿದರು. ಮುಂದೆ ದುಡಿಯುವವರು ಕಡಿಮೆ ಎಂದು ಗೊತ್ತಾದರೆ ಜನರು ಭವಿಷ್ಯದ ಆದಾಯವನ್ನೂ ಕಡಿಮೆಯೆಂದೇ ಎಣಿಸಿ ಇಂದೇ ಖರ್ಚು ಕುಗ್ಗಿಸುತ್ತಾರೆ. ಬೆಲೆಗಳು ಇಳಿಯಲು ಇದೂ ಒಂದು ಕಾರಣ. ಬ್ಯಾಂಕಿನ ಬಡ್ಡಿಯಿಂದ ಮಾತ್ರ ಇದು ವಾಸಿಯಾಗದು ಎಂಬುದು ಅವರ ವಾದದ ಸಾರ. ಅವರ ನಂತರ ಬಂದ ಹರುಹಿಕೊ ಕುರೋಡ ಅವರು ಬೆಲೆ ಇಳಿತವನ್ನು ಹಣದ ನೀತಿಯಿಂದಲೇ ಸರಿಪಡಿಸಬಹುದೆಂದು ನಂಬಿದರು. 2013ರ ಏಪ್ರಿಲಿನಿಂದ ಬ್ಯಾಂಕು ಸರಕಾರದ ಸಾಲಪತ್ರಗಳನ್ನು ಹಿಂದೆಂದೂ ಕಾಣದ ಪ್ರಮಾಣದಲ್ಲಿ ಕೊಂಡಿತು. ಬೆಲೆಗಳು ವರ್ಷಕ್ಕೆ ಶೇ. 2ರಷ್ಟು ಏರಬೇಕೆಂಬುದು ಗುರಿ. 2016ರ ಜನವರಿಯಲ್ಲಿ ಬಡ್ಡಿಯನ್ನು ಶೇ. 0.1ರಷ್ಟು ಸೊನ್ನೆಗಿಂತ ಕೆಳಕ್ಕೆ ತರುವ ನಿರ್ಧಾರವಾಯಿತು. ಅಂದರೆ ಬ್ಯಾಂಕುಗಳು ಕೇಂದ್ರ ಬ್ಯಾಂಕಿನಲ್ಲಿಟ್ಟ ಹಣದ ಒಂದು ಭಾಗಕ್ಕೆ ತಾವೇ ಬಾಡಿಗೆ ತೆರಬೇಕು!

ಇದು ವೃದ್ಧರ ಮನೆಗೆ ಹೇಗೆ ತಲುಪಿತು? ಜಪಾನಿನ ಅಂಚೆ ಉಳಿತಾಯ 1875ರಷ್ಟು ಹಳೆಯದು. 1990ರಲ್ಲಿ ಅಂಚೆಯ ದೀರ್ಘಾವಧಿ ಠೇವಣಿಗೆ ಬಡ್ಡಿ ಶೇ. 6ನ್ನು ಮೀರಿತ್ತು. 2016ರಲ್ಲಿ ದೊಡ್ಡ ಬ್ಯಾಂಕುಗಳು ಸಾಮಾನ್ಯ ಉಳಿತಾಯ ಖಾತೆಗೆ ಕೊಟ್ಟ ಬಡ್ಡಿ ಶೇ. 0.001. ಹತ್ತು ಲಕ್ಷ ಯೆನ್ ಇಟ್ಟವರಿಗೆ ವರ್ಷಕ್ಕೆ ಹತ್ತೇ ಯೆನ್. ಸಾಲ ಮಾಡುವ ಯುವಕರಿಗೆ ಅನುಕೂಲವಾಗಲೆಂದು ಇಳಿಸಿದ ಬಡ್ಡಿ, ಯುವಕರು ಕಡಿಮೆಯಿರುವ ದೇಶದಲ್ಲಿ ಉಳಿತಾಯ ಮಾಡಿದ ಹಿರಿಯರ ಆದಾಯವನ್ನು ಕತ್ತರಿಸಿತು. ಮುಪ್ಪಾದ ದೇಶದಲ್ಲಿ ಬಡ್ಡಿ ಇಳಿಸುವ ಔಷಧ ಏಕೆ ಸರಿಯಾಗಿ ಹಿಡಿಯುವುದಿಲ್ಲ ಎಂಬುದಕ್ಕೆ ಇದೂ ಒಂದು ವಿವರಣೆ.

ಹಾಗಾದರೆ ವಲಸಿಗರನ್ನು ಕರೆಸಿದರೆ ಸಾಕಲ್ಲವೇ ಎಂದು ನೀವು ಕೇಳಬಹುದು. ವಿಶ್ವಸಂಸ್ಥೆ 2000ದಲ್ಲಿ ಈ ಲೆಕ್ಕವನ್ನೇ ಮಾಡಿತು. 1995ರ ದುಡಿಯುವ ಜನರ ಸಂಖ್ಯೆಯನ್ನು 2050ರವರೆಗೆ ಹಾಗೆಯೇ ಉಳಿಸಿಕೊಳ್ಳಲು ಜಪಾನಿಗೆ ವರ್ಷಕ್ಕೆ ಸುಮಾರು 6 ಲಕ್ಷ ವಲಸಿಗರು ಬೇಕು. ಆದರೆ ಒಬ್ಬ ವೃದ್ಧರಿಗೆ 4.8 ದುಡಿಯುವವರು ಎಂಬ 1995ರ ಪ್ರಮಾಣವನ್ನೇ ಉಳಿಸಬೇಕಾದರೆ ವರ್ಷಕ್ಕೆ ಸುಮಾರು 1 ಕೋಟಿ ಬೇಕು! ಮೊದಲನೆಯದು ಕಷ್ಟ, ಎರಡನೆಯದು ಅಸಂಭವ. ವಲಸೆಯಿಂದ ಮುಪ್ಪಿನ ವೇಗ ತಗ್ಗುತ್ತದೆ, ಮುಪ್ಪು ನಿಲ್ಲುವುದಿಲ್ಲ.

ಜಪಾನಿನ ಕಂಪನಿಗಳು ಇನ್ನೊಂದು ದಾರಿ ಹಿಡಿದವು. ಆಳುಗಳನ್ನು ತರುವ ಬದಲು ಕಾರ್ಖಾನೆಗಳನ್ನೇ ಚೀನಾ, ಥಾಯ್ಲೆಂಡ್ ಮೊದಲಾದ ಕಡೆಗೆ ಒಯ್ದವು. ದೇಶದೊಳಗೆ ಮಹಿಳೆಯರು, ನಿವೃತ್ತರು, ಯಂತ್ರಮಾನವರು ಕೆಲಸಕ್ಕೆ ಬಂದರು. ಆದ್ದರಿಂದ ಆಳುಗಳ ಕೊರತೆಯಿದ್ದರೂ ಕೂಲಿ ಹೆಚ್ಚಲಿಲ್ಲ, ಬೆಲೆಯೂ ಏರಲಿಲ್ಲ. ಚಾರ್ಲ್ಸ್ ಗುಡ್‌ಹಾರ್ಟ್ ಮತ್ತು ಮನೋಜ್ ಪ್ರಧಾನ್ 2020ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಅಂಶವನ್ನು ಎತ್ತಿ ಹಿಡಿದು, ಪ್ರಪಂಚವೆಲ್ಲ ಒಟ್ಟಿಗೆ ಮುಪ್ಪಾದಾಗ ಈ ಹೊರದಾರಿ ಇರುವುದಿಲ್ಲ, ಆಗ ಕೂಲಿಯೂ ಬೆಲೆಯೂ ಬಡ್ಡಿಯೂ ಏರುತ್ತವೆ ಎಂದು ವಾದಿಸಿದ್ದಾರೆ. ಮುಪ್ಪಿನಿಂದ ಬೆಲೆ ಇಳಿಯುತ್ತದೆಯೋ ಏರುತ್ತದೆಯೋ ಎಂಬುದರಲ್ಲಿ ಪಂಡಿತರಿಗೆ ಇನ್ನೂ ಒಮ್ಮತವಿಲ್ಲ.

ಬಾಗಿಲು ತೆರೆದಾಗ ಯೆನ್ ಸೊರಗಿತ್ತು

1993ರಿಂದ ಜಪಾನ್ 'ತಾಂತ್ರಿಕ ತರಬೇತಿ' ಎಂಬ ಹೆಸರಿನಲ್ಲಿ ವಿದೇಶೀ ಯುವಕರನ್ನು ಕರೆಸುತ್ತಿತ್ತು. ಹೆಸರು ತರಬೇತಿಯಾದರೂ ನಡೆದದ್ದು ದುಡಿಮೆ. ಮಾಲೀಕನನ್ನು ಬಿಟ್ಟು ಬೇರೆ ಕಡೆ ಹೋಗುವಂತಿರಲಿಲ್ಲವಾದ್ದರಿಂದ ಶೋಷಣೆಯ ದೂರುಗಳು ಎದ್ದವು. 2019ರ ಏಪ್ರಿಲಿನಲ್ಲಿ 'ನಿರ್ದಿಷ್ಟ ಕೌಶಲದ ಕೆಲಸಗಾರ' ಎಂಬ ಹೊಸ ಪರವಾನಗಿ ಬಂತು. ವೃದ್ಧರ ಆರೈಕೆ, ಕಟ್ಟಡ ನಿರ್ಮಾಣ, ಕೃಷಿ ಮೊದಲಾದ ಕ್ಷೇತ್ರಗಳಿಗೆ ಕೆಲಸಗಾರರನ್ನು ಕೆಲಸಗಾರರೆಂದೇ ಕರೆಯುವ ವ್ಯವಸ್ಥೆ ಇದು. ಹಳೆಯ ತರಬೇತಿ ಪದ್ಧತಿಯನ್ನು ಕೈಬಿಡುವ ಕಾನೂನು 2024ರಲ್ಲಿ ಅಂಗೀಕಾರವಾಯಿತು. 2023ರ ಅಕ್ಟೋಬರಿನಲ್ಲಿ ವಿದೇಶೀ ಕೆಲಸಗಾರರ ಸಂಖ್ಯೆ ಮೊದಲ ಬಾರಿಗೆ 20 ಲಕ್ಷ ದಾಟಿತ್ತು. ಅವರಲ್ಲಿ ವಿಯೆಟ್ನಾಮಿನವರೇ ಹೆಚ್ಚು.

ಆದರೆ ಈ ಹೊತ್ತಿಗೆ ಹಣಕಾಸು ನೀತಿ ಇನ್ನೊಂದು ದಿಕ್ಕಿನಿಂದ ಅಡ್ಡ ಬಂತು. 2022ರಿಂದ ಅಮೆರಿಕ ಬಡ್ಡಿ ಏರಿಸಿತು, ಜಪಾನ್ ಏರಿಸಲಿಲ್ಲ. ಹಣ ಹೆಚ್ಚು ಬಡ್ಡಿಯ ಕಡೆ ಹರಿದು ಯೆನ್ ಸೊರಗಿತು. 2024ರಲ್ಲಿ ಡಾಲರಿಗೆ 160 ಯೆನ್ನಿನವರೆಗೂ ಹೋಯಿತು. 1986ರ ನಂತರ ಅಷ್ಟು ಕೆಳಗಿಳಿದಿರಲಿಲ್ಲ. ವೃದ್ಧಾಶ್ರಮದಲ್ಲಿ ದುಡಿಯುವ ಹುಡುಗಿ ಊರಿಗೆ ಕಳುಹಿಸುವ ಅದೇ ಸಂಬಳ ಅವಳ ತಾಯಿಯ ಕೈಗೆ ಬರುವಾಗ ಕರಗಿಹೋಯಿತು. 1990ರಲ್ಲಿ ಗಟ್ಟಿ ಯೆನ್ ವಲಸಿಗರನ್ನು ಎಳೆದಿತ್ತು. ಈಗ ಬಾಗಿಲು ತೆರೆದರೂ ಸೊರಗಿದ ಯೆನ್ ಅವರನ್ನು ಕೊರಿಯಾ, ತೈವಾನ್, ಆಸ್ಟ್ರೇಲಿಯಗಳ ಕಡೆ ನೋಡುವಂತೆ ಮಾಡಿತು. ವಲಸೆ ಹಣಕಾಸು ನೀತಿಯನ್ನು ಪ್ರಭಾವಿಸುವಂತೆ ಹಣಕಾಸು ನೀತಿಯೂ ವಲಸೆಯನ್ನು ಪ್ರಭಾವಿಸುತ್ತದೆ ಎಂಬುದನ್ನು ಇಲ್ಲಿ ಗುರುತಿಸಿಕೊಳ್ಳಿ.

2022ರಿಂದ ಆಮದಿನ ಬೆಲೆ ಏರಿ ಹಣದುಬ್ಬರ ಶೇ. 2ನ್ನು ದಾಟಿತು. ಆಳುಗಳ ಕೊರತೆ ಕೊನೆಗೂ ಕೂಲಿಯಲ್ಲಿ ಕಾಣಿಸಿತು. 2024ರ ವಸಂತದ ಮಾತುಕತೆಯಲ್ಲಿ ದೊಡ್ಡ ಕಂಪನಿಗಳು ಒಪ್ಪಿದ ಶೇ. 5ಕ್ಕೂ ಮೀರಿದ ವೇತನ ಏರಿಕೆ ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲೇ ದೊಡ್ಡದು. 2024ರ ಮಾರ್ಚ್ 19ರಂದು ಬ್ಯಾಂಕು ಸೊನ್ನೆಗಿಂತ ಕೆಳಗಿನ ಬಡ್ಡಿಯನ್ನು ಕೈಬಿಟ್ಟಿತು. 2025ರ ಜನವರಿಯಲ್ಲಿ ದರವನ್ನು ಶೇ. 0.5ಕ್ಕೆ ಏರಿಸಿತು. 1947-49ರಲ್ಲಿ ಹುಟ್ಟಿದ ಆ 80 ಲಕ್ಷದ ಪೀಳಿಗೆಯಲ್ಲಿ ಬದುಕಿದ್ದವರೆಲ್ಲ ಆ ಹೊತ್ತಿಗೆ 75 ದಾಟಿದ್ದರು.

ನಮಗೆ ಇದರಿಂದೇನು?

ಭಾರತ ಯುವಕರ ದೇಶ, ಇದೆಲ್ಲ ನಮಗೇಕೆ ಎನಿಸಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದಷ್ಟೇ ಇರಲು 2.1 ಬೇಕು. 2011ರ ಜನಗಣತಿಯಲ್ಲಿ 60 ದಾಟಿದವರು ಕರ್ನಾಟಕದಲ್ಲಿ ಶೇ. 9.5, ಕೇರಳದಲ್ಲಿ ಶೇ. 12.6. ಕೇರಳದ ಯುವಕರು ಕೊಲ್ಲಿ ರಾಷ್ಟ್ರಗಳಿಗೆ ಹೋದರು. ಅವರ ಜಾಗದಲ್ಲಿ ದುಡಿಯಲು ಬಂಗಾಳ, ಅಸ್ಸಾಂ, ಒರಿಸ್ಸಾಗಳಿಂದ ಜನ ಬಂದರು. ನಮ್ಮ ಕೊಡಗಿನ ಕಾಫಿ ತೋಟಗಳಲ್ಲೂ ಅಸ್ಸಾಮಿನ ಕೆಲಸಗಾರರನ್ನು ನೀವು ಕಾಣಬಹುದು. ಕೇರಳ, ಕರ್ನಾಟಕಗಳಿಗೆ ಬೇರೆ ಬೇರೆ ಬಡ್ಡಿ ದರವಿಲ್ಲ. ವೃದ್ಧರು ಹೆಚ್ಚಿರುವ ಕೇರಳಕ್ಕೂ ಮಕ್ಕಳು ಹೆಚ್ಚಿರುವ ಬಿಹಾರಕ್ಕೂ ರಿಸರ್ವ್ ಬ್ಯಾಂಕು ಒಂದೇ ದರ ನಿಗದಿ ಮಾಡುತ್ತದೆ. ಆದುದರಿಂದ ರಾಜ್ಯಗಳ ನಡುವಿನ ವ್ಯತ್ಯಾಸವನ್ನು ಸರಿದೂಗಿಸುವ ಕೆಲಸ ಬಹುಮಟ್ಟಿಗೆ ಜನರ ಓಡಾಟದಿಂದಲೇ ಆಗಬೇಕು. 2021ರ ಜನವರಿಯಲ್ಲಿ ಭಾರತ ಮತ್ತು ಜಪಾನ್ ಕೌಶಲದ ಕೆಲಸಗಾರರ ಬಗ್ಗೆ ಒಪ್ಪಂದಕ್ಕೆ ಸಹಿ ಹಾಕಿವೆ. ನಿಮ್ಮಲ್ಲಿ ಕೆಲವರು ನಾಳೆ ಆ ದಾರಿಯಲ್ಲಿ ಹೋಗಲೂಬಹುದು.

ಜಪಾನಿನ ಇತಿಹಾಸದಿಂದ ನಾವು ಕಲಿಯಬೇಕಾದದ್ದು ಇಷ್ಟು. ಕೇಂದ್ರ ಬ್ಯಾಂಕು ಬಡ್ಡಿಯನ್ನು ಇಳಿಸಿ ದೇಶಕ್ಕೆ ಸ್ವಲ್ಪ ಕಾಲಾವಕಾಶ ಕೊಡಬಲ್ಲದು. ದುಡಿಯುವವರನ್ನು ಅದು ಹುಟ್ಟಿಸಲಾರದು. ವಲಸೆಯೂ ಕಾಲಾವಕಾಶವನ್ನೇ ಕೊಡುತ್ತದೆ. ಆ ಅವಕಾಶವನ್ನು ಶಾಲೆ, ಆರೋಗ್ಯ, ಪಿಂಚಣಿ, ಮಹಿಳೆಯರ ಉದ್ಯೋಗ ಇವುಗಳಿಗೆ ಬಳಸಿಕೊಳ್ಳುವುದು ಸರಕಾರದ ಮತ್ತು ಸಮಾಜದ ಹೊಣೆ. ವಲಸಿಗನನ್ನು ಅತಿಥಿ, ತರಬೇತಿಯವನು, ಮೊಮ್ಮಗ ಎಂದು ಏನೇ ಹೆಸರಿಟ್ಟು ಕರೆದರೂ ಅವನು ಸಂಸಾರ ಕಟ್ಟಿ, ಮಕ್ಕಳನ್ನು ಓದಿಸಿ, ಅಲ್ಲೇ ಮುಪ್ಪಾಗುವ ಮನುಷ್ಯ. ಇದನ್ನು ಬಿಟ್ಟು ಹಾಕಿದ ಲೆಕ್ಕ ಜಪಾನಿನಲ್ಲೂ ತಪ್ಪಿತು, ಜರ್ಮನಿಯಲ್ಲೂ ತಪ್ಪಿತು.

ಯೋಚಿಸಿ, ಚರ್ಚಿಸಿ

1. 1880ರ ದಶಕದ ಜಪಾನಿನಲ್ಲಿ ಅಕ್ಕಿಯ ಬೆಲೆ ಇಳಿದಾಗ ನಗದು ಕಂದಾಯದ ಭಾರ ಹೆಚ್ಚಿದ್ದು ಹೇಗೆ?
2. ನಿಮ್ಮ ಬೀದಿಯ ಹತ್ತು ಮನೆಗಳಲ್ಲಿ ಊರು ಬಿಟ್ಟು ಹೋದವರೆಷ್ಟು, ಹೊರಗಿನಿಂದ ಬಂದು ನೆಲೆಸಿದವರೆಷ್ಟು, 60 ದಾಟಿದವರೆಷ್ಟು ಎಂದು ಪಟ್ಟಿ ಮಾಡಿ.
3. ಠೇವಣಿಯ ಬಡ್ಡಿ ಇಳಿದರೆ ನಿಮ್ಮ ಮನೆಯಲ್ಲಿ ಯಾರಿಗೆ ಲಾಭ, ಯಾರಿಗೆ ನಷ್ಟ? ಹಿರಿಯರನ್ನು ಕೇಳಿ ತಿಳಿಯಿರಿ.